ಹರಗೋಲಿಗೆ ಅವಸರ ಗೊತ್ತಿಲ್ಲ!

ಶಿರವಾಳ: ಎಲ್ಲರಿಗೂ ಅವಸರ. ಬಸ್ ನಿಲ್ದಾಣಕ್ಕೆ ಬಂದವನಿಗೆ ಬಸ್ ಹೋಗಿಬಿಟ್ಟೀತೆಂಬ ಅವಸರ. ಬಸ್ ಬಂದರೆ ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿಯುವ ಅವಸರ. ಸೀಟು ಸಿಕ್ಕ ಮೇಲೆ ಊರು ಮುಟ್ಟುವ ಅವಸರ. ಅಂಗಡಿಕಾರನಿಗೆ ಗಿರಾಕಿಯ ಅವಸರ, ಗಿರಾಕಿಗೆ ಚಿಲ್ಲರೆಯ ಅವಸರ. ‘ಅವಸರವೇ ಅಪಘಾತಕ್ಕೆ ಕಾರಣ’ ಅಂತ ಲಾರಿಯ ಹಿಂದೆ ದಪ್ಪಕ್ಷರದಲ್ಲಿ ಬರೆಸಿದವನೇ ಎಲ್ಲರಿಗಿಂತ ಮುಂದೆ ಓಡಿಸುತ್ತಾನೆ!

ಇಂಥ ಕಾಲದಲ್ಲಿ ಒಂದು ಸವಾರಿ ಮಾತ್ರ ಅವಸರ ಕಲಿತಿಲ್ಲ. ಅದಕ್ಕೆ ಚಕ್ರ ಇಲ್ಲ, ಹಾರ್ನ್ ಇಲ್ಲ, ಟೈಂಟೇಬಲ್ ಇಲ್ಲ. ಮುಂದೆ ಯಾವುದು, ಹಿಂದೆ ಯಾವುದು ಎಂಬ ಭೇದವೂ ಇಲ್ಲ. ಪುಸ್ತಕದ ಮಾತಿನಲ್ಲಿ ಅದು ಹರಿಗೋಲು. ನಮ್ಮ ಮಂದಿಯ ಬಾಯಲ್ಲಿ ಹರಗೋಲು, ಇಲ್ಲವೇ ತೆಪ್ಪ. ತೆಲಂಗಾಣದ ಗಡಿಗೆ ಹೋದರೆ ಪುಟ್ಟಿ. ಹೆಸರು ಏನೇ ಇರಲಿ, ಗುಂಡಗಿನ ಬುಟ್ಟಿ, ಒಬ್ಬ ಅಂಬಿಗ, ಒಂದು ಹುಟ್ಟು. ಇಷ್ಟೇ ಸರಂಜಾಮು.

ಹೊಳೆ ದಾಟುವ ದರ್ದಿಗೆ ಹರಗೋಲು ಹತ್ತಿದವರು ನಮ್ಮ ಸೀಮೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ಯಾವ ದರ್ದೂ ಇಲ್ಲದೆ, ಎಲ್ಲಿಗೂ ಹೋಗುವುದಿಲ್ಲದೆ, ಸುಮ್ಮನೆ ಒಂದು ತಾಸು ನೀರಿನ ಮೇಲೆ ಕೂತು ಬರುವ ಸುಖ ಕಂಡವರು ಎಷ್ಟು ಮಂದಿ? ‘ಅಂಥ ಸುಖ ದೊಡ್ಡ ಊರಿನ ಮಂದಿಗೆ, ನಮಗ್ಯಾಕ್ರೀ’ ಅನ್ನಬಹುದು. ನಮಗೇ ಬೇಕು. ಯಾಕೆ ಬೇಕು ಎಂಬುದೇ ಇವತ್ತಿನ ವಿಚಾರ.

ಭೀಮೆಯ ಸೀಮೆ

ಶಹಾಪುರ ತಾಲ್ಲೂಕಿನ ಶಿರವಾಳ ಎಂದರೆ ಹಳೆಯ ಗುಡಿಗಳ ಊರು. ಕೆಲವು ನಿಂತಿವೆ, ಕೆಲವು ಬಿದ್ದಿವೆ, ಕೆಲವು ಅರ್ಧ ಮಣ್ಣಿನೊಳಗಿವೆ. ನೋಡಲು ಬಂದವರು ಜೀಪಿನಿಂದ ಇಳಿದು, ನಾಲ್ಕು ಫೋಟೋ ಹೊಡೆದು, ಅದೇ ಜೀಪು ಹತ್ತಿ ಹೋಗುತ್ತಾರೆ. ಊರಿನ ಚಹಾದಂಗಡಿಗೆ ಅವರಿಂದ ಸಿಗುವುದು ಜೀಪು ಎಬ್ಬಿಸಿದ ಧೂಳು ಮಾತ್ರ.

ಇದು ಭೀಮೆಯ ಸೀಮೆ. ಸಹ್ಯಾದ್ರಿಯ ಭೀಮಾಶಂಕರದಲ್ಲಿ ಹುಟ್ಟಿ, ಸೊಲ್ಲಾಪುರದ ಕಡೆಯಿಂದ ನಮ್ಮ ನಾಡಿಗೆ ಬರುವ ಹೊಳೆ ಇದು. 861 ಕಿಲೋಮೀಟರ್ ಹರಿದು ರಾಯಚೂರಿನ ಉತ್ತರಕ್ಕೆ ಕೃಷ್ಣೆಯನ್ನು ಕೂಡುತ್ತದೆ. ಶಿರವಾಳದ ಸೀಮೆಯಿಂದ ದೂರವಲ್ಲದ ಸನ್ನತಿ ಆಚೆ ದಂಡೆಯ ಊರು, ಚಿತಾಪುರ ತಾಲ್ಲೂಕಿನದು. ಅಲ್ಲಿಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ 1986ರಲ್ಲಿ ಅಶೋಕನ ಶಾಸನಗಳಿದ್ದ ಕಲ್ಲು ಸಿಕ್ಕಿತು. ಪಕ್ಕದ ಕನಗನಹಳ್ಳಿಯಲ್ಲಿ ಆಮೇಲೆ ಅಗೆದಾಗ ದೊಡ್ಡ ಸ್ತೂಪವೇ ಹೊರಬಂತು. ‘ರಾಯೋ ಅಶೋಕೋ’ ಎಂದು ಹೆಸರು ಬರೆದ ಅಶೋಕ ಚಕ್ರವರ್ತಿಯ ಶಿಲ್ಪ ಸಿಕ್ಕಿದ್ದೂ ಅಲ್ಲೇ. ಈಚೆ ದಂಡೆಯಲ್ಲಿ ಹುರಸಗುಂಡಗಿ, ಆಚೆ ದಂಡೆಯಲ್ಲಿ ಸನ್ನತಿ. ನಡುವೆ ನೀರು. ಸನ್ನತಿಯ ಸೇತುವೆ ಕಂ ಬ್ಯಾರೇಜ್ ಆದ ಮೇಲೆ, ಹಿಂದೆ ಬೇಸಿಗೆಯಲ್ಲಿ ಮರಳು ಕಾಣುತ್ತಿದ್ದ ಕಡೆಯೂ ನೀರು ನಿಲ್ಲುತ್ತದೆ.

ನಿಂತ ನೀರು, ಸದ್ದಿಲ್ಲದ ದಂಡೆ, ಎರಡು ಸಾವಿರ ವರ್ಷದ ಕಲ್ಲುಗಳು. ನಿಧಾನದ ದೋಣಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕೇ? ಜಾಗ ಇದೆ, ನೀರಿದೆ, ಹುಟ್ಟು ಹಿಡಿಯಬಲ್ಲ ಕೈಗಳೂ ಇನ್ನೂ ಇವೆ. ಇಲ್ಲದಿರುವುದು ಅದನ್ನು ಸುಖ ಅಂತ ಗುರುತಿಸುವ ಕಣ್ಣು.

ಬುಟ್ಟಿಯೋ ದೋಣಿಯೋ?

ಹರಗೋಲು ನೋಡಲು ಏನೂ ಇಲ್ಲ. ಬಿದಿರು ಸೀಳಿ ಹೆಣೆದ ದೊಡ್ಡ ಬುಟ್ಟಿ. ಹಿಂದಿನವರು ಅದಕ್ಕೆ ಹೊರಗಿನಿಂದ ತೊಗಲು ಬಿಗಿಯುತ್ತಿದ್ದರು. ತೊಗಲು ತುಟ್ಟಿಯಾಯಿತು, ಪ್ಲಾಸ್ಟಿಕ್ ಚೀಲ ಬಂತು. ಈಗ ಗೊಬ್ಬರದ ಚೀಲವೋ ತಾಡಪಾಲೋ ಹೊದಿಸಿ ದಾಮರು ಬಳಿದರೆ ಆಯಿತು. ಕೆಲವು ಕಡೆ ಫೈಬರಿನದೂ ಬಂದಿದೆ. ತಳ ಚಪ್ಪಟೆ. ಹಾಗಾಗಿ ಮೊಣಕಾಲುದ್ದ ನೀರಿದ್ದರೂ ತೇಲುತ್ತದೆ, ಕಲ್ಲಿನ ನಡುವೆಯೂ ನುಸುಳುತ್ತದೆ. ಕೆಲಸ ಮುಗಿದರೆ ಅಂಬಿಗ ಅದನ್ನು ಬೋರಲು ಹಾಕಿ ತಲೆಯ ಮೇಲೆ ಹೊತ್ತು ನಡೆಯುತ್ತಾನೆ. ದೂರದಿಂದ ನೋಡಿದರೆ ದೊಡ್ಡ ಅಣಬೆಯೊಂದು ದಂಡೆ ಹತ್ತಿ ಬಂದಂತೆ! ಮಳೆ ಬಂದರೆ ಅದೇ ಕೊಡೆ, ಬಿಸಿಲಿಗೆ ಅದೇ ನೆರಳು.

ಇದೇನು ಬಡವರ ಬುಟ್ಟಿ ಅಂತ ಮೂಗು ಮುರಿಯುವವರು ಸ್ವಲ್ಪ ತಾಳಬೇಕು. ಇದರ ವಂಶ ದೊಡ್ಡದು. ಸುಮಾರು 1520ರಲ್ಲಿ, ಕೃಷ್ಣದೇವರಾಯನ ಕಾಲಕ್ಕೆ ವಿಜಯನಗರ ನೋಡಿದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯಸ್ ತುಂಗಭದ್ರೆಯ ಮೇಲಿನ ಈ ಬುಟ್ಟಿಗಳನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ. ಒಳಗೆ ಬೆತ್ತ, ಹೊರಗೆ ತೊಗಲು. ಒಂದೊಂದರಲ್ಲಿ ಹದಿನೈದು ಇಪ್ಪತ್ತು ಜನ. ಬೇಕಾದರೆ ಕುದುರೆ, ಎತ್ತುಗಳನ್ನೂ ಹತ್ತಿಸಬಹುದು. ಸುತ್ತ ಸುತ್ತ ತಿರುಗುತ್ತ ಹೋಗುವುದೇ ಇದರ ರೀತಿ, ನೇರ ಹೋಗುವುದು ಇದಕ್ಕೆ ಗೊತ್ತಿಲ್ಲ ಎಂದೂ ಅವನು ಗಮನಿಸಿದ್ದ. ಐನೂರು ವರ್ಷ ಆದರೂ ಅದು ನೇರ ಹೋಗುವುದನ್ನು ಕಲಿತಿಲ್ಲ!

ಇನ್ನೂ ಹಿಂದೆ ಹೋದರೆ, ಸುಮಾರು 2,400 ವರ್ಷದ ಹಿಂದೆ ಗ್ರೀಕರ ಹೆರೊಡೊಟಸ್ ಬಾಬಿಲೋನಿನಲ್ಲಿ ಇಂಥದೇ ಗುಂಡು ದೋಣಿಗಳ ಸಂಗತಿ ಬರೆದಿದ್ದಾನೆ. ಅಲ್ಲಿಯ ವ್ಯಾಪಾರಿಗಳು ಮೇಲಿನ ನಾಡಿನಿಂದ ಸರಕಿನ ಜೊತೆ ಒಂದು ಕತ್ತೆಯನ್ನೂ ದೋಣಿಗೆ ಹತ್ತಿಸುತ್ತಿದ್ದರಂತೆ. ಪೇಟೆಯಲ್ಲಿ ಸರಕು ಮಾರಿ, ದೋಣಿಯ ಕಟ್ಟಿಗೆಯನ್ನೂ ಮಾರಿ, ತೊಗಲನ್ನು ಕತ್ತೆಯ ಮೇಲೆ ಹೇರಿಕೊಂಡು ನೆಲದ ದಾರಿಯಲ್ಲಿ ಊರಿಗೆ ಮರಳುತ್ತಿದ್ದರು. ಯಾಕೆಂದರೆ ಸೆಳವಿಗೆ ಎದುರಾಗಿ ಈ ದೋಣಿ ಹೋಗಲಾರದು. ಹೋಗುವಾಗ ಹೊಳೆ, ಬರುವಾಗ ಕತ್ತೆ. ವ್ಯಾಪಾರಿ ಅಂದರೆ ಹಿಂಗಿರಬೇಕು! ಇರಾಕಿನ ಟೈಗ್ರಿಸ್ ಹೊಳೆಯಲ್ಲಿ ಆ ಜಾತಿಯ ದೋಣಿ ಹೋದ ಶತಮಾನದವರೆಗೂ ಇತ್ತು. ಅವರೂ ಹೊರಗೆ ಬಳಿಯುತ್ತಿದ್ದುದು ನೆಲದಿಂದ ಬರುವ ದಾಮರನ್ನೇ. ಇಂಗ್ಲಿಷರು ನಮ್ಮ ಹರಗೋಲಿಗೆ ಹೇಳುವ ‘ಕೊರಕಲ್’ ಎಂಬ ಹೆಸರು ವೇಲ್ಸ್ ನಾಡಿನ ಬುಟ್ಟಿದೋಣಿಯದು. ಹೊಳೆ ಎಲ್ಲಿದೆಯೋ, ಬಡ ಮೀನುಗಾರ ಎಲ್ಲಿದ್ದಾನೋ, ಅಲ್ಲಿ ಈ ಬುದ್ಧಿ ಹೊಳೆದಿದೆ.

ಸುಖ ಇರುವುದೆಲ್ಲಿ?

ಹರಗೋಲು ಹತ್ತುವುದಕ್ಕೂ ಒಂದು ರೀತಿ ಇದೆ. ಅಂಚಿನ ಮೇಲೆ ಕಾಲಿಡುವಂತಿಲ್ಲ, ನಡುವೆ ಇಡಬೇಕು. ಹತ್ತಿದ ಕೂಡಲೇ ಕೂಡಬೇಕು. ಭಾರ ಎಲ್ಲ ಕಡೆ ಸಮ ಹಂಚಬೇಕು. ದಪ್ಪನೆಯ ಸಾಹುಕಾರರು ಒಂದು ಮಗ್ಗುಲಿಗೆ ಕೂತರೆ ಎದುರಿಗೆ ಇಬ್ಬರು ಸಣಕಲರನ್ನು ಕೂಡಿಸಬೇಕು. ಇಲ್ಲಿ ಮುಂದಿನ ಸೀಟು, ಹಿಂದಿನ ಸೀಟು, ಕಿಟಕಿ ಸೀಟು ಎಂಬ ಜಗಳ ಇಲ್ಲ. ಟವೆಲ್ ಒಗೆದರೆ ನೀರಿಗೆ ಬೀಳುತ್ತದೆ ಅಷ್ಟೆ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತ, ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂಡಬೇಕು. ಪಕ್ಕದ ಮನೆಯವರ ಜೊತೆ ಮಾತಾಡಿ ವರ್ಷ ಆದವರೂ ಇಲ್ಲಿ ಮಾತಾಡಲೇಬೇಕು.

ಅಂಬಿಗ ಹುಟ್ಟು ಹಾಕುವುದನ್ನು ನೋಡಬೇಕು. ಅವನು ನೀರನ್ನು ಹಿಂದಕ್ಕೆ ನೂಕುವುದಿಲ್ಲ. ಮುಂದೆ ಕುಕ್ಕರಿಸಿ ಕೂತು, ನೀರನ್ನು ತನ್ನ ಕಡೆ ಎಳೆದುಕೊಳ್ಳುತ್ತಾನೆ. ಎಡಕ್ಕೆ ಒಂದು ಎಳೆತ, ಬಲಕ್ಕೆ ಒಂದು ಎಳೆತ. ಬುಟ್ಟಿ ತುಸು ಅತ್ತ, ತುಸು ಇತ್ತ ತೂಗುತ್ತ ಮುಂದೆ ಸರಿಯುತ್ತದೆ. ಒಂದೇ ಮಗ್ಗುಲಲ್ಲಿ ಎಳೆದರೆ ಬುಗುರಿಯಂತೆ ಗಿರ್ರನೆ ತಿರುಗುತ್ತದೆ.

ಗುಟ್ಟು ಇರುವುದು ಇಲ್ಲೇ. ಹರಗೋಲಿಗೆ ಮೂಗಿಲ್ಲ, ಬಾಲವಿಲ್ಲ. ಉದ್ದನೆಯ ದೋಣಿಯನ್ನು ಜೋರಾಗಿ ನೂಕಿದರೆ ಜೋರಾಗಿ ಹೋಗುತ್ತದೆ. ಹರಗೋಲಿನಲ್ಲಿ ಹೊಸಬ ಜೋರು ಮಾಡಿದಷ್ಟೂ ತಿರುಗುವುದು ಹೆಚ್ಚು, ಸಾಗುವುದು ಕಡಿಮೆ. ಅವಸರ ಮಾಡಿದವನನ್ನು ಅದು ಇದ್ದಲ್ಲೇ ಸುತ್ತಿಸುತ್ತದೆ. ನಿಧಾನ ಮಾಡಿದವನನ್ನು ದಂಡೆ ಮುಟ್ಟಿಸುತ್ತದೆ. ಹೆಚ್ಚೆಂದರೆ ಮನುಷ್ಯ ನಡೆಯುವ ವೇಗ. ಅದಕ್ಕಿಂತ ಜಾಸ್ತಿ ಕೇಳಬಾರದು.

ಆ ವೇಗದಲ್ಲಿ ಕಣ್ಣಿಗೆ ಬೀಳುವುದೇ ಬೇರೆ. ಬಸ್ಸು ಸೇತುವೆ ದಾಟುವಾಗ ಹೊಳೆ ಎಂದರೆ ಒಂದು ಹೊಳಪು, ಮುಗಿಯಿತು. ಹರಗೋಲಿನಲ್ಲಿ ನೀರು ಕೈಗೆ ಎಟುಕುವಷ್ಟು ಹತ್ತಿರ. ದಂಡೆಯ ಕಲ್ಲು ಪದರ ಪದರವಾಗಿ ಕಾಣುತ್ತದೆ. ನಮ್ಮ ಮನೆಗಳಿಗೆ ಹಾಸಿದ ಫರಸಿ, ಶಹಾಬಾದಿ ಕಲ್ಲು ಎಂದು ಎಲ್ಲ ಕಡೆ ಹೆಸರಾದದ್ದು, ಇದೇ ಭೀಮಾ ಸೀಮೆಯ ಸುಣ್ಣಕಲ್ಲಿನ ಬಳಗ. ಕನಗನಹಳ್ಳಿಯ ಸ್ತೂಪಕ್ಕೂ ಹೊದಿಸಿದ್ದು ಸುಣ್ಣಕಲ್ಲೇ. ಕಲ್ಲಿನ ಮೇಲೆ ರೆಕ್ಕೆ ಹರಡಿ ಬಿಸಿಲಿಗೆ ಒಣಗಿಸುವ ನೀರುಕಾಗೆ, ಥಟ್ಟನೆ ಮುಳುಗೇಳುವ ಮಿಂಚುಳ್ಳಿ, ಮೂಗಷ್ಟೇ ಮೇಲಿಟ್ಟು ನಿಂತ ಎಮ್ಮೆ, ಬಟ್ಟೆ ಒಗೆಯುವ ಸದ್ದು ಮೊದಲು ಕಣ್ಣಿಗೆ ಬಿದ್ದು ಆಮೇಲೆ ಕಿವಿಗೆ ಬರುವುದು, ಇವೆಲ್ಲ ದುಡ್ಡು ಕೊಟ್ಟು ನೋಡುವ ಸಿನಿಮಾ ಅಲ್ಲ. ಬುಟ್ಟಿ ಮೆಲ್ಲಗೆ ತಿರುಗುವುದರಿಂದ ಕತ್ತು ಹೊರಳಿಸದೆಯೇ ನಾಲ್ಕೂ ದಿಕ್ಕು ಸರತಿಯಲ್ಲಿ ಎದುರಿಗೆ ಬರುತ್ತವೆ.

‘ಕಾಕಾ, ಎಷ್ಟೊತ್ತಿಗಿ ಮುಟ್ಟತೀವಿ?’ ಅಂತ ಹೊಸಬರು ಕೇಳಿಯೇ ಕೇಳುತ್ತಾರೆ. ‘ಎಲ್ಲಿಗಿ ಹೊಂಟೀವಿ ತಮ್ಮಾ, ಮುಟ್ಲಾಕ?’ ಎಂಬುದೇ ಅದಕ್ಕೆ ಸರಿಯಾದ ಉತ್ತರ.

ದೇವರಿಗೂ ಬೇಕಾದದ್ದು

ಹೀಗೆ ಎಲ್ಲಿಗೂ ಹೋಗದ ಪಯಣ ಕೆಲಸಗೇಡಿಗಳ ಕಲ್ಪನೆ ಎನ್ನುವಂತಿಲ್ಲ. ನಮ್ಮ ದೇವರುಗಳೇ ವರ್ಷಕ್ಕೊಮ್ಮೆ ಈ ಸುಖ ಪಡುತ್ತಾರಲ್ಲ! ನಂಜನಗೂಡಿನ ಶ್ರೀಕಂಠೇಶ್ವರನಿಗೆ ದೊಡ್ಡ ಜಾತ್ರೆಯಲ್ಲಿ ಕಪಿಲೆಯ ಮೇಲೆ ತೆಪ್ಪೋತ್ಸವ. ಮೇಲುಕೋಟೆಯ ಚೆಲುವನಾರಾಯಣನಿಗೆ ಕಲ್ಯಾಣಿಯಲ್ಲಿ ತೆಪ್ಪೋತ್ಸವ. ರಥಕ್ಕೆ ಬೀದಿ ಇದೆ, ಪಲ್ಲಕ್ಕಿಗೆ ಊರಿದೆ. ತೆಪ್ಪಕ್ಕೆ ಏನಿದೆ? ದೀಪ ಹಚ್ಚಿಕೊಂಡು ನೀರಿನಲ್ಲಿ ಸುತ್ತು ಹಾಕಿ, ಹೊರಟ ಮೆಟ್ಟಿಲಿಗೇ ಬಂದು ನಿಲ್ಲುವುದು. ಹೊರಟಲ್ಲಿಗೇ ಬಂದ ದೇವರನ್ನು ‘ಏನು ಸಾಧಿಸಿದೆ’ ಅಂತ ಯಾರೂ ಕೇಳುವುದಿಲ್ಲ. ಜನ ಕೈಮುಗಿದು ಸಂತೋಷಪಟ್ಟು ಮನೆಗೆ ಹೋಗುತ್ತಾರೆ. ನಿಧಾನದ ಜಲವಿಹಾರ ಪರದೇಶದಿಂದ ಬಂದ ಶೋಕಿ ಅಲ್ಲ, ನಮ್ಮ ಕಲ್ಯಾಣಿಗಳಲ್ಲೇ ಇದ್ದದ್ದು.

ಹೊಗಳುವ ಮುನ್ನ ಒಂದು ಮಾತು

ಹಾಗಂತ ಹರಗೋಲಿನ ಕಾಲವೇ ಬಂಗಾರದ ಕಾಲ ಎಂದು ಹೇಳಿದರೆ ಹೊಳೆದಂಡೆಯ ಮಂದಿ ನಕ್ಕಾರು. ನಕ್ಕಾರು ಏನು, ಬೈದಾರು. 2014ರಲ್ಲಿ ಸುರಪುರ ತಾಲ್ಲೂಕಿನ ಕೃಷ್ಣೆಯ ನಡುಗಡ್ಡೆಯೊಂದರಿಂದ ತುಂಬು ಗರ್ಭಿಣಿಯೊಬ್ಬಳು ಸೋರೆಬುರುಡೆ ಕಟ್ಟಿಕೊಂಡು, ಮನೆಯವರ ಆಸರೆಯಲ್ಲಿ ಉಕ್ಕುವ ಹೊಳೆಯನ್ನು ಈಜಿ ದಾಟಿದ ಸಂಗತಿ ದೇಶವೆಲ್ಲ ಸುದ್ದಿಯಾಯಿತು. ಆ ಪ್ರವಾಹದಲ್ಲಿ ತೆಪ್ಪ ಹಾಕುವ ಧೈರ್ಯ ಯಾರಿಗೂ ಇರಲಿಲ್ಲ. ಹೆರಿಗೆಗೆ ಆಸ್ಪತ್ರೆ ಬೇಕು, ಆಸ್ಪತ್ರೆಗೆ ಹೊಳೆ ದಾಟಬೇಕು, ಸೇತುವೆ ಇಲ್ಲ. ಇದು ಹರಗೋಲಿನ ಕಾಲದ ಇನ್ನೊಂದು ಮುಖ. 2020ರ ಆಗಸ್ಟ್‌ನಲ್ಲಿ ರಾಯಚೂರು ತಾಲ್ಲೂಕಿನ ಕೃಷ್ಣೆಯಲ್ಲಿ ತೆಪ್ಪ ಮಗುಚಿ ಜೀವ ಹೋದವು. ಅವರು ವಿಹಾರಕ್ಕೆ ಹೊರಟವರಲ್ಲ, ದಿನದ ಬದುಕಿಗಾಗಿ ಹೊಳೆ ದಾಟುತ್ತಿದ್ದವರು.

ಹಾಗಾಗಿ ಸೇತುವೆ ಬೇಕೇ ಬೇಕು. ಬಂದಿವೆ ಕೂಡ. ಕೃಷ್ಣೆಗೆ ತಿಂಥಣಿ ಬ್ರಿಡ್ಜ್ ಇದೆ. ದೇವದುರ್ಗದ ದಾರಿಗೆ ಹೂವಿನಹೆಡಗಿ ಸೇತುವೆ ಇದೆ, ನಾರಾಯಣಪುರದ ಬಸವಸಾಗರದಿಂದ ಹೆಚ್ಚು ನೀರು ಬಿಟ್ಟಾಗ ಅದು ಮುಳುಗುವುದು ಬೇರೆ ಮಾತು. ಭೀಮೆಗೆ ಯಾದಗಿರಿಯ ಬಳಿ ಸೇತುವೆ, ಜೇವರ್ಗಿ ದಾರಿಯಲ್ಲಿ ಕಟ್ಟಿಸಂಗಾವಿ ಸೇತುವೆ. ದಿನಾ ಸಾವಿರಾರು ಜನ ಬಸ್ಸಿನಲ್ಲಿ ಕೂತು ಹೊಳೆ ದಾಟುತ್ತಾರೆ, ದಾಟಿದ್ದು ಗೊತ್ತೂ ಆಗುವುದಿಲ್ಲ.

‘ಹೊಳೆ ದಾಟಿದ ಮ್ಯಾಲ ಅಂಬಿಗನ ಹಂಗ್ಯಾಕ’ ಅಂತ ಗಾದೆ. ಈಗ ಒಂದಿಡೀ ಸೀಮೆಯೇ ಹೊಳೆ ದಾಟಿ ಕೂತಿದೆ. ಅಂಬಿಗ ಎಲ್ಲಿ ಹೋದ? ಹನ್ನೆರಡನೆಯ ಶತಮಾನದಲ್ಲಿ ದೋಣಿ ನಡೆಸುತ್ತಲೇ ಖಡಾಖಡಿ ವಚನ ಹೇಳಿದ ಶರಣ ಅಂಬಿಗರ ಚೌಡಯ್ಯನ ಜಯಂತಿಯನ್ನು ಪ್ರತಿವರ್ಷ ಜನವರಿ 21ರಂದು ಸರ್ಕಾರವೇ ಆಚರಿಸುತ್ತದೆ. ಹಾರ, ಭಾಷಣ ಎಲ್ಲ ಆಗುತ್ತದೆ. ಅವನ ಕಸುಬಿನ ಮಂದಿ ಮಾತ್ರ ಮೀನಿನ ಬಲೆಯನ್ನೇ ನಂಬಿಕೊಂಡಿದ್ದಾರೆ. ಮೀನೂ ಸಿಗದ ವರ್ಷ ಮಕ್ಕಳು ಬೆಂಗಳೂರು, ಪುಣೆ, ಮುಂಬೈ ದಾರಿ ಹಿಡಿಯುತ್ತಾರೆ. ಹುಟ್ಟು ಹಿಡಿಯುವುದನ್ನು ಶಾಲೆಯಲ್ಲಿ ಕಲಿಸುವುದಿಲ್ಲ, ಅಪ್ಪನ ಪಕ್ಕ ಕೂತು ಕಲಿಯಬೇಕು. ಒಂದು ತಲೆಮಾರು ತಪ್ಪಿದರೆ ಅದು ಹೋಯಿತು. ಎಲ್ಲಿ ಸೆಳವು, ಎಲ್ಲಿ ಮಡು, ಎಲ್ಲಿ ಮರಳು ತೆಗೆದು ಗುಂಡಿ ಬಿದ್ದಿದೆ ಎಂಬ ತಿಳಿವಳಿಕೆಯೂ ಅದರ ಜೊತೆಗೇ ಹೋಗುತ್ತದೆ. 2020ರ ಅಕ್ಟೋಬರ್‌ನಲ್ಲಿ, ಮತ್ತೆ 2025ರ ಸೆಪ್ಟೆಂಬರ್‌ನಲ್ಲಿ ಭೀಮೆ ಊರೊಳಗೆ ಬಂದ ದಿನಗಳನ್ನು ನೆನೆಯಿರಿ. ಅಂಥ ದಿನ ನೀರು ಬಲ್ಲವನ ಬೆಲೆ ಏನೆಂದು ಹೊಳೆದಂಡೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ವಿಚಾರ ಮಾಡಿ ನೋಡಿದರೆ ಸೇತುವೆ ಬಂದ ಮೇಲೆಯೇ ಹರಗೋಲಿಗೆ ನಿಜವಾದ ಸುಖದ ಕಾಲ ಬರಬೇಕು. ದಾಟಲೇಬೇಕು ಎಂದು ಹತ್ತಿದವನಿಗೆ ಹೊಳೆಯ ಅಂದ ಕಾಣುವುದಿಲ್ಲ, ಆಚೆ ದಂಡೆ ಮಾತ್ರ ಕಾಣುತ್ತದೆ. ಹತ್ತದಿದ್ದರೂ ನಡೆಯುತ್ತದೆ ಎನ್ನುವವನು ಹತ್ತಿದಾಗಲೇ ಹೊಳೆ ಕಾಣುವುದು.

ಉಳಿದ ಕಡೆ ಏನಾಗಿದೆ?

ಕೇರಳದ ಕಥೆ ಕೇಳಿ. ಅಲ್ಲಿ ಹಿನ್ನೀರಿನ ಮೇಲೆ ಅಕ್ಕಿ, ಸರಕು ಸಾಗಿಸುವ ಕೆಟ್ಟುವಳ್ಳಂ ಎಂಬ ದೊಡ್ಡ ದೋಣಿಗಳಿದ್ದವು. ಮೊಳೆ ಹೊಡೆಯದೆ ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದವು. ರಸ್ತೆ ಬಂತು, ಲಾರಿ ಬಂತು, ದೋಣಿಗೆ ಕೆಲಸ ಹೋಯಿತು. 1990ರ ದಶಕದಲ್ಲಿ ಅದೇ ದೋಣಿಗೆ ಮಾಡು ಕಟ್ಟಿ, ಒಳಗೆ ಮಲಗುವ ಕೋಣೆ ಮಾಡಿ, ಬಂದವರನ್ನು ನಿಧಾನವಾಗಿ ಸುತ್ತಾಡಿಸಲು ಶುರು ಮಾಡಿದರು. ಇವತ್ತು ಅಲೆಪ್ಪಿ ಅಂದರೆ ಜಗತ್ತಿಗೇ ಗೊತ್ತು. ಆದರೆ ಅಲ್ಲಿಯೂ ಅತಿಯಾಯಿತು. ದೋಣಿಗಳು ಹೆಚ್ಚಾಗಿ, ಮೋಟಾರು, ಡೀಸೆಲ್ಲು, ಹೊಲಸು ಸೇರಿ ವೆಂಬನಾಡ್ ಕೆರೆಯ ನೀರು ಕೆಟ್ಟಿತು ಎಂಬ ದೂರು ಈಗ ದೊಡ್ಡದಾಗಿದೆ. ಕಲಿಯಬೇಕಾದ ಪಾಠ ಎರಡೂ ಅಲ್ಲೇ ಇವೆ.

ನಮ್ಮ ನಾಡಿನಲ್ಲೇ ನೋಡಿ. ಹಂಪಿಯ ಚಕ್ರತೀರ್ಥದ ಕಡೆ ಹರಗೋಲು ಹತ್ತಿ ಬಂಡೆಗಳ ನಡುವೆ ಸುತ್ತಾಡಲು ದೂರ ದೂರದಿಂದ ಜನ ಬರುತ್ತಾರೆ. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾಯಿತು, ಅದಕ್ಕೆ ಪಕ್ಷಿತಜ್ಞ ಸಲೀಂ ಅಲಿಯವರ ಮಾತೇ ಕಾರಣ. ಅಲ್ಲಿ ಹುಟ್ಟು ಹಾಕುವ ದೋಣಿಯಲ್ಲಿ ಮೆಲ್ಲಗೆ ಹೋದರೆ ಗೂಡಿನಲ್ಲಿ ಕೂತ ಕೊಕ್ಕರೆ ಕದಲುವುದಿಲ್ಲ, ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆಯೂ ಏಳುವುದಿಲ್ಲ. ದೋಣಿ ನಡೆಸುವವನೇ ಹಕ್ಕಿಯ ಹೆಸರು ಹೇಳುತ್ತಾನೆ. ಕೆ.ಆರ್.ಎಸ್.ನಿಂದ ಹೆಚ್ಚು ನೀರು ಬಿಟ್ಟ ದಿನ ಅಲ್ಲಿ ದೋಣಿ ಬಂದ್. ಶಿಸ್ತು ಅಂದರೆ ಇದು. ವಿಯೆಟ್ನಾಂ ದೇಶದ ಹೊಯಿ ಆನ್ ಊರಿನ ಬಳಿ ನಮ್ಮ ಹರಗೋಲಿನ ತಮ್ಮನಂಥ ಬುಟ್ಟಿದೋಣಿಯಲ್ಲಿ ಮೀನುಗಾರರು ಪ್ರವಾಸಿಗರನ್ನು ಕೂಡಿಸಿಕೊಂಡು ಹೊಟ್ಟೆ ಹೊರೆಯುತ್ತಾರೆ.

ನಮ್ಮಲ್ಲಿಯೂ ನೀರು ಭೀಮೆಯದೊಂದೇ ಅಲ್ಲ. ಸುರಪುರದ ಬಳಿ ಬೋನಾಳ ಕೆರೆ ಇದೆ. ನಾಯಕ ದೊರೆಗಳ ಕಾಲದ್ದು. 1841ರಿಂದ ಹತ್ತು ಹನ್ನೆರಡು ವರ್ಷ ಸುರಪುರದ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ ಸಾಹೇಬನ ಹೆಸರೂ ಅದರ ಜೊತೆ ಕೂಡಿದೆ. ಈಗ ಅದು ಪಕ್ಷಿಧಾಮ. ಚಳಿಗಾಲಕ್ಕೆ ವಲಸೆ ಹಕ್ಕಿ ಬರುತ್ತವೆ. ಹಕ್ಕಿ ಇರುವ ಕಡೆ ಮೋಟಾರು ದೋಣಿ ಬಿಟ್ಟರೆ ಹಕ್ಕಿಯೂ ಇರುವುದಿಲ್ಲ, ನೋಡಲು ಬರುವವರೂ ಇರುವುದಿಲ್ಲ.

ನೀರು ಹುಡುಗಾಟಿಕೆ ಅಲ್ಲ

ವಿಹಾರ ಅಂದ ಕೂಡಲೇ ಜನ ಮೈಮರೆಯುತ್ತಾರೆ. ಅಪಾಯ ಇರುವುದು ಅಲ್ಲೇ. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕಡಿಯಲ್ಲಿ ಪ್ರವಾಸಿಗರ ದೋಣಿ ಮಗುಚಿ 45 ಜನ ಸತ್ತರು. ಕಾಡುಪ್ರಾಣಿ ಕಂಡವೆಂದು ಎಲ್ಲರೂ ಒಂದೇ ಮಗ್ಗುಲಿಗೆ ನುಗ್ಗಿದ್ದು ಕಾರಣಗಳಲ್ಲಿ ಒಂದು. 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮುಳುಗಿ ನಮ್ಮದೇ ನಾಡಿನ ಜನ ಜೀವ ಕಳಕೊಂಡರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ 22 ಜನ. ಹಿಡಿಸುವುದಕ್ಕಿಂತ ಹೆಚ್ಚು ಮಂದಿ, ಹೊತ್ತು ಮುಳುಗಿದ ಮೇಲಿನ ಓಡಾಟ. ಎಲ್ಲ ಕಡೆ ಕಥೆ ಹೆಚ್ಚೂಕಡಿಮೆ ಒಂದೇ: ‘ಇನ್ನಿಬ್ಬರು ಹತ್ರಿ, ಏನಾಗೂದಿಲ್ಲ.’ ಬಸ್ಸಿನಲ್ಲಿ ಈ ಮಾತು ನಡೆಯುತ್ತದೆ, ನೀರಿನ ಮೇಲೆ ನಡೆಯುವುದಿಲ್ಲ.

ನಿಧಾನದ ವಿಹಾರಕ್ಕೆ ಬೇಕಾದ ಬಂದೋಬಸ್ತು ದೊಡ್ಡದೇನಲ್ಲ. ಹತ್ತಿದ ಪ್ರತಿಯೊಬ್ಬರಿಗೂ ಲೈಫ್ ಜಾಕೆಟ್, ಅಂಬಿಗನಿಗೂ ಸೇರಿ. ಒಂದು ಹರಗೋಲಿಗೆ ಎಷ್ಟು ಜನ ಎಂದು ದಂಡೆಯ ಮೇಲೆ ದೊಡ್ಡದಾಗಿ ಬರೆದ ಬೋರ್ಡು. ಎದ್ದು ನಿಂತು ಸೆಲ್ಫಿ ಇಲ್ಲ. ಕುಡಿದವರಿಗೆ ಜಾಗ ಇಲ್ಲ. ಸೂರ್ಯ ಮುಳುಗುವ ಮೊದಲೇ ಎಲ್ಲರೂ ದಂಡೆಗೆ. ಮೇಲೆ ಉಜನಿ, ಸೊನ್ನ ಕಡೆಯಿಂದ ನೀರು ಬಿಟ್ಟ ಸುದ್ದಿ ಬಂದರೆ ಆ ದಿನ ಹರಗೋಲು ಬೋರಲು. ಮಳೆಗಾಲ ಪೂರ್ತಿ ರಜೆ. ಹೊಳೆ ಇಳಿದು ತಿಳಿಯಾಗುವ ದೀಪಾವಳಿಯಿಂದ ಶಿವರಾತ್ರಿಯ ತನಕ ಮಾತ್ರ ವಿಹಾರ. 2021ರಲ್ಲಿ ಕೇಂದ್ರ ಸರ್ಕಾರ ತಂದ ಒಳನಾಡು ಹಡಗುಗಳ ಕಾಯ್ದೆ ಯಂತ್ರವಿಲ್ಲದ ದೋಣಿಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡಿದೆ. ಕಾನೂನು ಇಲ್ಲ ಅಂತ ಯಾರೂ ಹೇಳುವ ಹಾಗಿಲ್ಲ, ಮಾಡುವ ಮನಸ್ಸು ಬೇಕು.

ಅಂಗಡಿಯವರ ಲೆಕ್ಕ

ಇನ್ನು ಗಲ್ಲೆಯ ಮೇಲೆ ಕೂತವರ ಪ್ರಶ್ನೆ: ‘ಇದರಿಂದ ನಮಗೇನ್ರೀ?’ ಸರಿಯಾದ ಪ್ರಶ್ನೆ. ಉತ್ತರವೂ ಸರಳ. ಓಡುವ ಪ್ರವಾಸಿ ಖರ್ಚು ಮಾಡುವುದಿಲ್ಲ, ನಿಂತವನು ಮಾಡುತ್ತಾನೆ. ಮೋಟಾರು ದೋಣಿ ಹತ್ತು ನಿಮಿಷ ಗಡಗಡ ಅಂದು ಮುಗಿಯುತ್ತದೆ, ಹತ್ತಿದವನು ಕಿವಿ ಮುಚ್ಚಿಕೊಂಡು ಕಾರಿಗೆ ಓಡುತ್ತಾನೆ. ಹರಗೋಲಿನಲ್ಲಿ ಒಂದು ತಾಸು ಕೂತು ಇಳಿದವನಿಗೆ ಹಸಿವಾಗುತ್ತದೆ. ಸರತಿಗೆ ಕಾಯುವವನಿಗೆ ಚಹಾ ಬೇಕು, ಮಕ್ಕಳಿಗೆ ಮಿರ್ಚಿ ಭಜಿ ಬೇಕು, ಹೆಣ್ಣುಮಕ್ಕಳಿಗೆ ಕೂಡಲು ನೆರಳು ಬೇಕು, ಮೊದಲು ಒಂದು ಶೌಚಾಲಯ ಬೇಕು. ಬೆಳಿಗ್ಗೆ ಶಹಾಪುರದ ಮಲಗಿದ ಬುದ್ಧನ ಬೆಟ್ಟ, ಆಮೇಲೆ ಶಿರವಾಳದ ಗುಡಿಗಳು, ಹೊತ್ತು ಇಳಿದ ಮೇಲೆ ಭೀಮೆಯ ಮೇಲೆ ಒಂದು ಸುತ್ತು, ಮರುದಿನ ಸನ್ನತಿ. ಹೀಗೆ ದಾರಿ ಕಟ್ಟಿದರೆ ಬಂದವರು ಶಹಾಪುರದಲ್ಲಿ ರಾತ್ರಿ ಉಳಿಯುತ್ತಾರೆ. ಲಾಡ್ಜಿನವನಿಗೂ ಖಾನಾವಳಿಯವನಿಗೂ ಅದು ಸುದ್ದಿಯೇ.

ಬಂಡವಾಳ? ಕೋಟಿಯ ಮಾತಿಲ್ಲ. ಬಿದಿರು, ತಾಡಪಾಲು, ದಾಮರು, ಜಾಕೆಟ್. ಡೀಸೆಲ್ ಖರ್ಚು ಇಲ್ಲ, ಹೊಗೆ ಇಲ್ಲ. ಬರುವ ದುಡ್ಡು ದೂರದ ಗುತ್ತಿಗೆದಾರನ ಕಿಸೆಗೆ ಹೋಗದೆ ಹುಟ್ಟು ಹಿಡಿದ ಕೈಗೇ ಹೋಗಬೇಕು. ಇದೊಂದು ಷರತ್ತು ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ. ಟೆಂಡರ್ ಕರೆದು, ಪ್ಲಾಸ್ಟಿಕ್ ಹಂಸದ ದೋಣಿ ತಂದು ಬಿಟ್ಟು, ಎರಡು ವರ್ಷಕ್ಕೆ ಅದು ತೂತು ಬಿದ್ದು ದಂಡೆಯಲ್ಲಿ ಬೋರಲಾಗುವ ಕೆಲಸ ನಮ್ಮಲ್ಲಿ ಯಾರಿಗೂ ಹೊಸದಲ್ಲ.

2009ರ ಡಿಸೆಂಬರ್ 30ರಂದು ಯಾದಗಿರಿ ಜಿಲ್ಲೆ ಆಯಿತು. ಪ್ರತ್ಯೇಕ ಜಿಲ್ಲೆ, ಪ್ರತ್ಯೇಕ ಕಚೇರಿ, ಪ್ರವಾಸೋದ್ಯಮಕ್ಕೂ ಒಂದು ಇಲಾಖೆ. ಹೊಳೆಗಳು ಮಾತ್ರ ಜಿಲ್ಲೆ ಆಗುವುದಕ್ಕೂ ಮೊದಲೇ ಇದ್ದವು. ಕೃಷ್ಣೆ, ಭೀಮೆ ಎಂಬ ಎರಡು ದೊಡ್ಡ ಹೊಳೆ ಇರುವ ಜಿಲ್ಲೆಯ ಮಂದಿ, ದೋಣಿ ವಿಹಾರಕ್ಕೆಂದು ಊಟಿಗೂ ಮೈಸೂರಿಗೂ ಬಸ್ ಹತ್ತುತ್ತಾರೆ ಎಂದರೆ ನಗುವವರು ನಗಲಿ.

ಸರ್ಕಾರ ಮಾಡಲಿ ಬಿಡಲಿ, ಬಸ್ಸಿನಲ್ಲಿ ಕೂತವರು ಒಂದು ಕೆಲಸ ಇವತ್ತೇ ಮಾಡಬಹುದು. ಸೇತುವೆ ಬಂದಾಗ ಮೊಬೈಲಿನಿಂದ ಕಣ್ಣೆತ್ತಿ ಕೆಳಗೆ ನೋಡಬಹುದು. ನೀರಿನ ಮೇಲೆ ಒಂದು ಕಪ್ಪು ಚುಕ್ಕೆ ಕಂಡರೆ ಅದು ಹರಗೋಲು. ಬಲೆ ಬಿಟ್ಟು ಕೂತ ಅಂಬಿಗ ಅದರಲ್ಲಿ ಇರುತ್ತಾನೆ. ಬಸ್ಸು ಸೇತುವೆ ದಾಟಿ, ಊರು ದಾಟಿ, ನಿಲ್ದಾಣ ಮುಟ್ಟುವ ಹೊತ್ತಿಗೂ ಅವನು ಅಲ್ಲೇ ಎಲ್ಲೋ ಮೆಲ್ಲಗೆ ತಿರುಗುತ್ತಿರುತ್ತಾನೆ. ಅವನ ಬುಟ್ಟಿಯಲ್ಲಿ ಇನ್ನೂ ನಾಲ್ಕು ಮಂದಿಗೆ ಜಾಗ ಇದೆ. ಕೂಡುವ ಪುರುಸೊತ್ತು ನಮಗಿದೆಯೇ?